ಗೋಧಿಯ ಹೊಣೆ ಯಾರದು? ಅಫ್ಘಾನಿಸ್ತಾನದ ಊರ ಸಮಿತಿಗಳ ಕುರಿತು ಒಂದು ಸಂಶೋಧನಾ ಟಿಪ್ಪಣಿ

2011ರಲ್ಲಿ ಅಫ್ಘಾನಿಸ್ತಾನದ 10 ಜಿಲ್ಲೆಗಳ ಹಳ್ಳಿಗಳಿಗೆ ನೆರವಿನ ಗೋಧಿ ಬಂತು. ಅದು ಕಡುಬಡವರ ಮನೆ ಸೇರಬೇಕಿತ್ತು. ಆ ಹಳ್ಳಿಗಳಲ್ಲಿ ಕೆಲವಕ್ಕೆ ಗುಪ್ತ ಮತದಾನದಿಂದ ಆರಿಸಿದ ಅಭಿವೃದ್ಧಿ ಸಮಿತಿ ಇತ್ತು. ಉಳಿದವುಗಳಲ್ಲಿ ಮೊದಲಿನಂತೆ ಮಲಿಕ, ಮುಲ್ಲಾ, ಹಿರಿಯರದೇ ಕಾರುಬಾರು. ಸಮಿತಿಯಿದ್ದ ಊರುಗಳಲ್ಲೂ ಎರಡು ಬಗೆ. ಕೆಲವೆಡೆ ಹಂಚಿಕೆಯ ಹೊಣೆ ಸಮಿತಿಯದೇ ಎಂದು ಮೊದಲೇ ಗೊತ್ತುಮಾಡಿ ಹೇಳಲಾಗಿತ್ತು. ಕೆಲವೆಡೆ ಯಾರು ಹಂಚಬೇಕು ಎಂಬುದು ತೀರ್ಮಾನವಾಗದೆ ಉಳಿದಿತ್ತು. ಹಂಚಿಕೆ ಮುಗಿದ ಮೇಲೆ ಯಾರ ಮನೆಗೆ ಎಷ್ಟು ತಲುಪಿತು ಎಂಬುದನ್ನು ಅಳೆದು ನೋಡಿದರು. ಹೊಣೆ ಹೊತ್ತ ಸಮಿತಿಗಳಿದ್ದಲ್ಲಿ ಗೋಧಿ ತಲುಪಬೇಕಾದವರಿಗೆ ಹೆಚ್ಚು ಸರಿಯಾಗಿ ತಲುಪಿತ್ತು. ಸಮಿತಿ ಇದ್ದೂ ಹೊಣೆ ಸ್ಪಷ್ಟವಾಗದಿದ್ದ ಊರುಗಳಲ್ಲಿ ಮಾತ್ರ ಪರಿಣಾಮ ತಿರುವುಮುರುವಾಗಿತ್ತು. ಸಮಿತಿಯೇ ಇಲ್ಲದ ಊರುಗಳಿಗಿಂತ ಅಲ್ಲಿ ಕಬಳಿಕೆ ಹೆಚ್ಚಿತ್ತು, ತೀರ್ಮಾನದಲ್ಲಿ ಪಾಲುಗೊಂಡವರು ಕಡಿಮೆಯಿದ್ದರು.

ಇದು ಆಂಡ್ರ್ಯೂ ಬೀತ್, ಫೋಟಿನಿ ಕ್ರಿಸ್ಟಿಯಾ ಮತ್ತು ರೂಬೆನ್ ಎನಿಕೊಲೊಪೊವ್ ಅವರು ನಡೆಸಿದ ಕ್ಷೇತ್ರಪ್ರಯೋಗದ ಒಂದು ಫಲಿತ. ಅವರ ಇತರ ಫಲಿತಗಳ ನಡುವೆ ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ ಎಂದು ನನ್ನ ಅಭಿಪ್ರಾಯ. ಅಫ್ಘಾನಿಸ್ತಾನಕ್ಕೆ ಹರಿದ ನೆರವಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾರೆ: ಎಷ್ಟು ಹಣ ಬಂತು, ಅದರಲ್ಲಿ ಎಷ್ಟು ಲೂಟಿಯಾಯಿತು. ಮೂರನೆಯ ಪ್ರಶ್ನೆ ಇವೆರಡಕ್ಕಿಂತ ಮುಖ್ಯವಾದುದು. ಹಂಚುವ ಹೊಣೆ ಯಾರದು, ಮತ್ತು ಅದು ಊರಿಗೆಲ್ಲ ಗೊತ್ತಿತ್ತೇ? 2003ರಿಂದ ಈಚಿನ ಅಲ್ಲಿನ ಗ್ರಾಮಾಭಿವೃದ್ಧಿಯ ಕಥೆಯನ್ನು ಈ ಪ್ರಶ್ನೆಯ ಬೆಳಕಿನಲ್ಲಿ ಓದುವುದು ಈ ಟಿಪ್ಪಣಿಯ ಉದ್ದೇಶ.

ಸರ್ಕಾರವಿಲ್ಲದ ಹಳ್ಳಿ ಎಂದರೆ ವ್ಯವಸ್ಥೆಯೇ ಇಲ್ಲದ ಹಳ್ಳಿ ಎಂದು ತಿಳಿಯಬಾರದು. 1978ರ ಏಪ್ರಿಲ್ ಕ್ರಾಂತಿ, 1979ರ ಡಿಸೆಂಬರಿನಲ್ಲಿ ಸೋವಿಯತ್ ಸೇನೆಯ ಪ್ರವೇಶ, 1989ರಲ್ಲಿ ಅದರ ನಿರ್ಗಮನ, 1992ರ ನಂತರದ ಅಂತರ್ಯುದ್ಧ, 1996ರಲ್ಲಿ ಕಾಬೂಲಿಗೆ ಬಂದ ತಾಲಿಬಾನ್: ಇಷ್ಟೂ ಕಾಲ ಕಾಬೂಲಿನ ಕಚೇರಿಗಳು ಕೈ ಬದಲಾಯಿಸುತ್ತಲೇ ಇದ್ದವು. ಹಳ್ಳಿಗಳಲ್ಲಿ ಮಾತ್ರ ಹಿರಿಯರ ಶೂರಾ ಕೂಡುತ್ತಿತ್ತು. ಪಶ್ತೂನರ ಕಡೆ ಮಲಿಕ, ಪಶ್ಚಿಮ ಮತ್ತು ಉತ್ತರದ ಹಲವೆಡೆ ಅರ್ಬಾಬ ಊರಿನ ಪರವಾಗಿ ಹೊರಗಿನವರೊಡನೆ ಮಾತಾಡುತ್ತಿದ್ದ. ಕಾಲುವೆ ಒಡೆದರೆ, ದಾರಿ ಕುಸಿದರೆ ಮನೆಗೊಬ್ಬರಂತೆ ಕೂಲಿಯಿಲ್ಲದೆ ದುಡಿಯುವ ‘ಹಶರ್’ ಇತ್ತು. ನೀರಿನ ಪಾಲು ನೋಡಿಕೊಳ್ಳಲು ಮೀರಾಬ್ ಇದ್ದ.

ಮೀರಾಬನ ಬಗ್ಗೆ ಇನ್ನೂ ನಾಲ್ಕು ಮಾತು ಹೇಳಬೇಕು. ನೆರವಿನ ಯೋಜನೆ ಬರೆಯುವವರು ಅವನನ್ನು ಅಡಿಟಿಪ್ಪಣಿಗೆ ತಳ್ಳುವುದು ವಾಡಿಕೆ. ಒಂದು ಕಾಲುವೆಯ ನೀರನ್ನು ಹಂಚಿಕೊಳ್ಳುವ ರೈತರು ಅವನನ್ನು ಆರಿಸುತ್ತಾರೆ. ಸಂಬಳವನ್ನು ಸುಗ್ಗಿಯಲ್ಲಿ ಕಾಳಿನ ರೂಪದಲ್ಲಿ ಅವರೇ ಕೊಡುತ್ತಾರೆ. ಯಾವ ಹೊಲಕ್ಕೆ ಎಷ್ಟು ಹೊತ್ತು ನೀರು ಹರಿಯಬೇಕು ಎಂಬ ಸರದಿ ಅವನದು. ವಸಂತಕ್ಕೆ ಮುಂಚೆ ಹೂಳೆತ್ತುವ ಕೆಲಸಕ್ಕೆ ಆಳು ಕೂಡಿಸುವುದೂ ಅವನೇ. ಅವನ ಅಧಿಕಾರ ಕಾಲುವೆಯಷ್ಟೇ ಉದ್ದ, ಆ ಅಂಚಿನ ಹೊರಗೆ ಅವನ ಮಾತಿಗೆ ಬೆಲೆಯಿಲ್ಲ. ಆದರೆ ಅಂಚಿನೊಳಗೆ ಅವನ ಹೊಣೆಯೇನು ಎಂಬುದು ಹೊಲವಿರುವ ಪ್ರತಿಯೊಬ್ಬನಿಗೂ ಗೊತ್ತು. ಸರ್ಕಾರಗಳು ಉರುಳಿದರೂ ಈ ವ್ಯವಸ್ಥೆ ಉಳಿದದ್ದಕ್ಕೆ ಈ ಸ್ಪಷ್ಟತೆಯೇ ಒಂದು ಕಾರಣ ಎಂದು ನಾನು ಭಾವಿಸುತ್ತೇನೆ. ನೆಲದಡಿಯ ಸುರಂಗದಲ್ಲಿ ನೀರು ತರುವ ಅಲ್ಲಿನ ಕರೇಜ್‌ಗಳೂ ಇಂಥ ಕಟ್ಟುಪಾಡಿನ ಮೇಲೆಯೇ ನಡೆದುಬಂದಿವೆ. ಕನ್ನಡ ಓದುಗರಿಗೆ ಕರೇಜ್ ಅಪರಿಚಿತವಲ್ಲ. ಬಹಮನಿ ಕಾಲದಲ್ಲಿ ಬೀದರಿಗೆ ಬಂದ ಪರ್ಷಿಯಾ ಮೂಲದ ಈ ವಿದ್ಯೆಯನ್ನು ನೌಬಾದಿನಲ್ಲಿ ಇಂದಿಗೂ ನೋಡಬಹುದು.

ಹೀಗಾಗಿ 2001ರ ಕೊನೆಯಲ್ಲಿ ಬಾನ್ ಒಪ್ಪಂದವಾಗಿ ಹೊಸ ಸರ್ಕಾರ ಬಂದಾಗ ಹಳ್ಳಿ ಖಾಲಿ ಹಲಗೆಯಾಗಿರಲಿಲ್ಲ. ಹೊರಗಿನ ನೆರವಿನ ನೆನಪೂ ಅಲ್ಲಿ ಇತ್ತು, ಆ ನೆನಪು ಹಿತವಾದುದಲ್ಲ. 1980ರ ದಶಕದಲ್ಲಿ ಪೇಶಾವರದಿಂದ ಗಡಿ ದಾಟಿ ಬರುತ್ತಿದ್ದ ಸಾಮಗ್ರಿ ಹಲವೆಡೆ ಬಂದೂಕು ಹಿಡಿದ ಕಮಾಂಡರರ ಒಪ್ಪಿಗೆಯಿಂದಲೇ ಒಳಗೆ ಹೋಗಬೇಕಿತ್ತು. ನೆರವನ್ನು ಹಾಯಲು ಬಿಟ್ಟವನ ಬಲ ಬೆಳೆಯಿತು. ಬೇರೆ ದಾರಿ ಹುಡುಕಿದವರೂ ಇದ್ದರು. 1990ರ ದಶಕದಲ್ಲಿ ವಿಶ್ವಸಂಸ್ಥೆಯ ಹ್ಯಾಬಿಟಾಟ್ ಸಂಸ್ಥೆ ಮಜಾರ್-ಎ-ಶರೀಫ್ ಮುಂತಾದ ನಗರಗಳಲ್ಲಿ ಸಮುದಾಯ ವೇದಿಕೆಗಳನ್ನು ಕಟ್ಟಿ, ಅವುಗಳ ಮೂಲಕ ಕೆಲಸ ಮಾಡಿತ್ತು. ಮುಂದೆ ಬಂದ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಇದೊಂದು ಬೇರು.

ಇನ್ನೊಂದು ಬೇರು ಇಂಡೋನೇಷ್ಯಾದ್ದು. ಅಲ್ಲಿ 1998ರಲ್ಲಿ, ಸುಹಾರ್ತೊ ಆಡಳಿತ ಕುಸಿದ ವರ್ಷ, ವಿಶ್ವಬ್ಯಾಂಕಿನ ನೆರವಿನಿಂದ ಕೆಚಮಾತನ್ ಅಭಿವೃದ್ಧಿ ಕಾರ್ಯಕ್ರಮ ಶುರುವಾಯಿತು. ಇಲಾಖೆಗಳ ಮೆಟ್ಟಿಲುಗಳನ್ನು ಬಿಟ್ಟು ಹಣವನ್ನು ನೇರವಾಗಿ ಕೆಳಗಿನ ಹಂತಕ್ಕೆ ಕೊಡುವುದು ಅದರ ವಿಧಾನ. ವಿಶ್ವಬ್ಯಾಂಕಿನಲ್ಲಿ ದುಡಿದಿದ್ದ ಅಶ್ರಫ್ ಘನಿ 2002ರಲ್ಲಿ ಅಫ್ಘಾನಿಸ್ತಾನದ ಹಣಕಾಸು ಸಚಿವರಾದಾಗ ಈ ಮಾದರಿಯನ್ನು ತಮ್ಮ ದೇಶಕ್ಕೆ ಹೊಂದಿಸಲು ಮುಂದಾದರು. ಹನೀಫ್ ಅತ್ಮರ್ ಸಚಿವರಾಗಿದ್ದ ಗ್ರಾಮೀಣ ಪುನರ್ವಸತಿ ಮತ್ತು ಅಭಿವೃದ್ಧಿ ಸಚಿವಾಲಯ 2003ರಲ್ಲಿ ‘ರಾಷ್ಟ್ರೀಯ ಐಕಮತ್ಯ ಕಾರ್ಯಕ್ರಮ’ವನ್ನು ಆರಂಭಿಸಿತು. ಹಣ ವಿಶ್ವಬ್ಯಾಂಕಿನದು, ಅಫ್ಘಾನಿಸ್ತಾನ ಪುನರ್ನಿರ್ಮಾಣ ನಿಧಿಯದು, ಹಲವು ದೇಶಗಳದು. ಊರಲ್ಲಿ ಕೆಲಸ ನಡೆಸಿಕೊಡುವ ಸಂಗಾತಿಗಳಾಗಿ ಸುಮಾರು 30 ಸ್ವಯಂಸೇವಾ ಸಂಸ್ಥೆಗಳು ಸೇರಿದವು. ಯುದ್ಧಕಾಲದಿಂದ ಅಲ್ಲಿದ್ದ ಡೇನಿಶ್ ಮತ್ತು ಸ್ವೀಡಿಶ್ ಸಮಿತಿಗಳು, ಆಗಾ ಖಾನ್ ಬಳಗದ ಸಂಸ್ಥೆ, ಬಾಂಗ್ಲಾದೇಶದ ಬ್ರ್ಯಾಕ್ ಅವುಗಳಲ್ಲಿ ಕೆಲವು.

ಕೆಲಸದ ಕ್ರಮ ಹೀಗಿತ್ತು. ಸಂಸ್ಥೆಯ ಕಾರ್ಯಕರ್ತರು, ಸಾಧ್ಯವಾದಲ್ಲೆಲ್ಲ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು, ಊರಿಗೆ ಹೋಗಿ ಹಿರಿಯರ ಒಪ್ಪಿಗೆ ಕೇಳುತ್ತಾರೆ. ಊರನ್ನು ಕೆಲವೇ ಮನೆಗಳ ಗುಂಪುಗಳಾಗಿ ವಿಂಗಡಿಸಿ, ಪ್ರತಿ ಗುಂಪು ಗುಪ್ತ ಮತದಾನದಿಂದ ತನ್ನ ಪ್ರತಿನಿಧಿಯನ್ನು ಆರಿಸುತ್ತದೆ. ಅವರೆಲ್ಲ ಸೇರಿದರೆ ಸಮುದಾಯ ಅಭಿವೃದ್ಧಿ ಸಮಿತಿ. ಅದರೊಳಗೆ ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ. ಊರಿಗೆ ಏನು ಬೇಕು ಎಂದು ಸಮಿತಿ ಯೋಜನೆ ಬರೆಯುತ್ತದೆ. ಕುಟುಂಬವೊಂದಕ್ಕೆ 200 ಡಾಲರ್ ಲೆಕ್ಕದಲ್ಲಿ, ಊರಿಗೆ 60,000 ಡಾಲರ್ ಮೀರದಂತೆ, ಅನುದಾನ ಮಂಜೂರಾಗುತ್ತದೆ. ವೆಚ್ಚದ ಶೇ. 10ರಷ್ಟನ್ನಾದರೂ ಊರೇ ಹಣವಾಗಿ, ಸಾಮಗ್ರಿಯಾಗಿ ಇಲ್ಲವೇ ದುಡಿಮೆಯಾಗಿ ಹಾಕಬೇಕು. ಹಶರ್ ಇದ್ದ ನಾಡಿನಲ್ಲಿ ಈ ಷರತ್ತು ಯಾರಿಗೂ ಹೊಸದೆನಿಸಲಿಲ್ಲ.

ಹಣ ಸಮಿತಿಯ ಹೆಸರಿನ ಖಾತೆಗೆ ಬರುತ್ತಿತ್ತು. ಖರೀದಿ ಸಮಿತಿಯದು. ಲೆಕ್ಕವನ್ನು ಊರವರೆದುರು ಇಡಬೇಕಾದದ್ದೂ ಸಮಿತಿಯೇ. ಕೈಪಂಪಿನ ಬಾವಿ, ಹೊಳೆಯ ನೀರಿನಿಂದ ನಡೆಯುವ ಪುಟ್ಟ ವಿದ್ಯುತ್ ಘಟಕ, ಮೋರಿ, ಕೂಡುರಸ್ತೆ, ಪ್ರವಾಹ ತಡೆಯುವ ಗೋಡೆ, ಶಾಲೆಯ ಕಟ್ಟಡ, ಹೆಂಗಸರಿಗೆ ಹೊಲಿಗೆಯ ತರಬೇತಿ: ಹೀಗೆ ಊರೂರಿಗೆ ಬೇರೆ ಬೇರೆ ಕೆಲಸ ನಡೆದವು. ಕಾರ್ಯಕ್ರಮ ಮುಗಿಯುವ ಹೊತ್ತಿಗೆ ದೇಶದ 34 ಪ್ರಾಂತ್ಯಗಳಲ್ಲೂ ಸೇರಿ ಸುಮಾರು 35,000 ಸಮಿತಿಗಳಿದ್ದವು. ಆ ದೇಶದ ಇತಿಹಾಸದಲ್ಲಿ ಇಷ್ಟು ಹಳ್ಳಿಗಳ ಒಳಗೆ ಕಾಲಿಟ್ಟ ಸರ್ಕಾರಿ ಕಾರ್ಯಕ್ರಮ ಇನ್ನೊಂದಿರಲಿಲ್ಲ. ಸಣ್ಣ ಮೊತ್ತವಾದರೂ ಊರಿನವರ ಕೈಗೇ ಬಂದ ಹಣ, ಆ ಹಣಕ್ಕೆ ಲೆಕ್ಕ ಕೇಳುವ ಅವಕಾಶ: ಯುದ್ಧದಿಂದ ಬಳಲಿದ ಜನರನ್ನು ಗೌರವದಿಂದ ಕಂಡ ಯೋಜನೆ ಇದು. ಮುಂದೆ ಹೇಳುವ ಕೊರತೆಗಳು ಈ ಮಾತನ್ನು ಅಳಿಸುವುದಿಲ್ಲ.

ಈಗ ಆರಂಭದಲ್ಲಿ ಹೇಳಿದ ಅಧ್ಯಯನದ ವಿಷಯ. 2007ರಲ್ಲಿ 10 ಜಿಲ್ಲೆಗಳ 500 ಹಳ್ಳಿಗಳನ್ನು ಆಯ್ದು, ಅವುಗಳಲ್ಲಿ 250ಕ್ಕೆ ಕಾರ್ಯಕ್ರಮವನ್ನು ಮೊದಲು ಕೊಟ್ಟು, ಉಳಿದ 250ಕ್ಕೆ ತಡವಾಗಿ ಕೊಡುವಂತೆ ಏರ್ಪಾಡಾಯಿತು. ಯಾವ ಹಳ್ಳಿ ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ನಿರ್ಧರಿಸಲಾಯಿತು. ಆರಂಭದಲ್ಲಿ, ನಡುವೆ, 2011ರಲ್ಲಿ ಹೀಗೆ ಮೂರು ಸುತ್ತು ಸಮೀಕ್ಷೆ ನಡೆಯಿತು. ಗಂಡಸರನ್ನೂ ಹೆಂಗಸರನ್ನೂ ಪ್ರತ್ಯೇಕವಾಗಿ ಮಾತಾಡಿಸಿದರು. ಬಲ್ಖ್, ಬಗ್ಲಾನ್, ದಾಯ್ಕುಂಡಿ, ಘೋರ್, ಹೆರಾತ್, ನಂಗರ್‌ಹಾರ್ ಪ್ರಾಂತ್ಯಗಳ ಜಿಲ್ಲೆಗಳು ಇದರಲ್ಲಿದ್ದವು. ಹೆರಾತಿನ ಜಿಲ್ಲೆಗಳಲ್ಲಿ ಚಿಶ್ತ್-ಎ-ಶರೀಫ್ ಕೂಡ ಒಂದು. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರ ಚಿಶ್ತಿ ಪಂಥಕ್ಕೆ ಹೆಸರು ಬಂದದ್ದು ಆ ಊರಿನಿಂದ. ದಕ್ಷಿಣದ ಕಂದಹಾರ್, ಹೆಲ್ಮಂಡ್ ಕಡೆಯ ಜಿಲ್ಲೆಗಳು ಅಭದ್ರತೆಯ ಕಾರಣದಿಂದ ಅಧ್ಯಯನದೊಳಗೆ ಸೇರಲಿಲ್ಲ. ಫಲಿತಗಳನ್ನು ಓದುವಾಗ ಈ ಮಿತಿ ಸದಾ ನೆನಪಿನಲ್ಲಿರಬೇಕು.

ಕುಡಿಯುವ ನೀರು ಸುಧಾರಿಸಿತು. ವಿದ್ಯುತ್ತು ಹೆಚ್ಚಿನ ಮನೆಗಳಿಗೆ ಬಂತು. ಮನೆಗಳ ಆದಾಯ, ಖರ್ಚುಗಳಲ್ಲಿ ಬಾಳುವಂಥ ಬದಲಾವಣೆ ಕಾಣಲಿಲ್ಲ. ಕಾರ್ಯಕ್ರಮ ನಡೆಯುತ್ತಿದ್ದಾಗ ಸರ್ಕಾರದ ಬಗ್ಗೆ ಒಳ್ಳೆಯ ಅಭಿಪ್ರಾಯ ಬೆಳೆದಿತ್ತು. ಅನುದಾನ ಮುಗಿದ ಮೇಲೆ ಅದು ತೆಳುವಾಯಿತು. ನೀರಾವರಿ ಮತ್ತು ರಸ್ತೆಯ ಕೆಲಸಗಳಿಂದ ಹೇಳಿಕೊಳ್ಳುವಂಥ ಪರಿಣಾಮ ಸಿಗಲಿಲ್ಲ.

ನೀರಾವರಿಯ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಒಣನಾಡಿನ ರೈತರಿಗೆ ಅದಕ್ಕಿಂತ ದೊಡ್ಡ ಅಗತ್ಯವಿಲ್ಲ, ಹಾಗಿದ್ದೂ ಫಲ ಯಾಕೆ ಕಾಣಲಿಲ್ಲ? ನನ್ನ ವಿವರಣೆ ಇದು: ಬಾವಿ ಒಂದು ಊರಿನೊಳಗೆ ಮುಗಿಯುತ್ತದೆ, ಕಾಲುವೆ ಮುಗಿಯುವುದಿಲ್ಲ. ಮೇಲಿನ ಊರಿನ ಒಡ್ಡು ಸರಿಯಾಗದೆ ಕೆಳಗಿನ ಊರು ತನ್ನ ಪಾಲಿನ ಕಾಲುವೆಗೆ ಸಿಮೆಂಟು ಬಳಿದರೆ ನೀರು ಹೆಚ್ಚುವುದಿಲ್ಲ. 60,000 ಡಾಲರಿನ ಮಿತಿ, ಊರಿಗೊಂದೇ ಸಮಿತಿ ಎಂಬ ನಿಯಮ, ಎರಡೂ ನೀರಿನ ಎಲ್ಲೆಗೆ ಹೊಂದುವಂಥವಲ್ಲ. ಕಾಲುವೆಯ ಉದ್ದಕ್ಕೂ ಅಧಿಕಾರವಿದ್ದ ಮೀರಾಬನಿಗೆ ಈ ಯೋಜನೆಯಲ್ಲಿ ಗೊತ್ತಾದ ಸ್ಥಾನವಿರಲಿಲ್ಲ.

ಇದೇ ಕಾಲದಲ್ಲಿ, ಇದೇ ನಂಗರ್‌ಹಾರಿನಲ್ಲಿ, ಬೇರೊಂದು ಬಗೆಯ ಕೆಲಸ ನಡೆಯುತ್ತಿತ್ತು. ಜಪಾನಿನ ಫುಕುವೊಕಾದ ವೈದ್ಯ ತೆತ್ಸು ನಕಮುರಾ 1984ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಪೇಶಾವರಕ್ಕೆ ಬಂದವರು. 2000ದ ಬರಗಾಲದಲ್ಲಿ ತಮ್ಮ ಬಳಿಗೆ ಬರುತ್ತಿದ್ದ ಮಕ್ಕಳ ಕಾಯಿಲೆಗೆ ಮೂಲ ಕೊಳಕು ನೀರು ಮತ್ತು ಹಸಿವು ಎಂದು ಕಂಡು, ಮೊದಲು ಬಾವಿ ತೋಡಿಸಿದರು. 2003ರಲ್ಲಿ ಕುನಾರ್ ನದಿಯಿಂದ ಕಾಲುವೆ ತೆಗೆಯಲು ಹೊರಟರು. ಸುಮಾರು 25 ಕಿಲೋಮೀಟರ್ ಉದ್ದದ ಆ ಮರ್ವಾರೀದ್ ಕಾಲುವೆ ಗಂಬೇರಿ ಎಂಬ ಮರಳುಗಾಡಿಗೆ ನೀರು ಕೊಂಡೊಯ್ದಿತು. ಕಾಂಕ್ರೀಟು ಮತ್ತು ಯಂತ್ರಗಳನ್ನೇ ನೆಚ್ಚದೆ, ಕಲ್ಲು ತುಂಬಿದ ತಂತಿಬುಟ್ಟಿಗಳಿಂದ ದಡ ಕಟ್ಟಿಸಿ, ಅವುಗಳ ಹಿಂದೆ ವಿಲ್ಲೊ ಗಿಡ ನೆಡಿಸಿದರು. ಬೇರುಗಳು ಕಲ್ಲುಗಳ ಸಂದಿಗೆ ಇಳಿದು ದಡವನ್ನು ಹಿಡಿದುಕೊಳ್ಳುತ್ತವೆ. ನದಿಗೆ ಅಡ್ಡಲಾಗಿ ಓರೆಯಾಗಿ ಕಟ್ಟಿದ ಒಡ್ಡಿನ ವಿನ್ಯಾಸ ಅವರ ಸ್ವಂತ ನಾಡಿನ ಚಿಕುಗೊ ನದಿಯ ಯಮಾದಾ ಒಡ್ಡಿನದು. ಅದು 18ನೇ ಶತಮಾನದ ಕೊನೆಯಲ್ಲಿ ರೈತರು ಕಟ್ಟಿದ ಒಡ್ಡು. ದುಡಿದವರು ಆ ಕಾಲುವೆಯ ನೀರನ್ನೇ ಉಣ್ಣಬೇಕಾಗಿದ್ದ ರೈತರು. ಕಲ್ಲಿನ ಕೆಲಸ ಬಲ್ಲ ಅವರೇ ಮುಂದೆ ದುರಸ್ತಿಯನ್ನೂ ಮಾಡಬಲ್ಲರು. 2019ರ ಡಿಸೆಂಬರ್ 4ರಂದು ಜಲಾಲಾಬಾದಿನಲ್ಲಿ ನಕಮುರಾ ಮತ್ತು ಅವರೊಂದಿಗಿದ್ದ ಐವರು ಅಫ್ಘಾನರನ್ನು ಗುಂಡಿಕ್ಕಿ ಕೊಂದರು. ಕಾಲುವೆ ಹರಿಯುತ್ತಿದೆ. ಒಬ್ಬ ವ್ಯಕ್ತಿಯ ಬಾಳಿನ ತಪಸ್ಸನ್ನು ರಾಷ್ಟ್ರೀಯ ಯೋಜನೆಯಾಗಿ ಪಡಿಯಚ್ಚು ತೆಗೆಯಲು ಬರುವುದಿಲ್ಲ, ನಿಜ. ಆದರೆ ನೀರಿನ ಎಲ್ಲೆಯನ್ನೇ ಯೋಜನೆಯ ಎಲ್ಲೆಯಾಗಿ ಮಾಡಿಕೊಂಡ ಅವರ ಕ್ರಮವನ್ನು ಯಾವ ಇಲಾಖೆಯೂ ಕಲಿಯಬಹುದಿತ್ತು.

ಮತ್ತೆ 500 ಹಳ್ಳಿಗಳಿಗೆ. ಊರಿಗೆ ಯಾವ ಕೆಲಸ ಬೇಕೆಂದು ಆರಿಸುವಲ್ಲೂ ಸಂಶೋಧಕರು ಎರಡು ವಿಧಾನಗಳನ್ನು ಹೋಲಿಸಿದರು. ಕೆಲವು ಊರುಗಳಲ್ಲಿ ಸಭೆ ಕೂಡಿಸಿ ಚರ್ಚೆಯಿಂದ ತೀರ್ಮಾನ. ಕೆಲವು ಊರುಗಳಲ್ಲಿ ಕೆಲಸಗಳ ಮೇಲೆಯೇ ಗುಪ್ತ ಮತದಾನ. ಸಭೆಯಲ್ಲಿ ಹಿರಿಯರ ಇಷ್ಟ ಗೆಲ್ಲುತ್ತಿತ್ತು. ಮತಪೆಟ್ಟಿಗೆಯಲ್ಲಿ ಊರಿನವರ ಇಷ್ಟ ಗೆದ್ದಿತು, ಜನರ ತೃಪ್ತಿಯೂ ಹೆಚ್ಚಿತು. ಸಭೆಯಲ್ಲಿ ಎಲ್ಲರೂ ಕೂತಿದ್ದರೆ ಎಲ್ಲರ ಮಾತೂ ಆಯಿತೆಂದು ಬರೆದುಕೊಳ್ಳುವ ಅಭ್ಯಾಸ ನೆರವಿನ ಸಂಸ್ಥೆಗಳಲ್ಲಿ ಬಲವಾಗಿದೆ. ಹಾಜರಿಪುಸ್ತಕದ ಸಹಿಗಳನ್ನು ಪಾಲ್ಗೊಳ್ಳುವಿಕೆಯ ಪುರಾವೆಯಾಗಿ ತೋರಿಸುವ ವರದಿಗಳನ್ನು ನಾನು ಬಹಳ ಓದಿದ್ದೇನೆ. ಅಂಥ ವರದಿಗಳನ್ನು ಈ ಫಲಿತದ ಪಕ್ಕದಲ್ಲಿಟ್ಟು ನೋಡಬೇಕು.

ಹೆಂಗಸರ ಬಗೆಗಿನ ಫಲಿತವನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಸಮಿತಿಯಲ್ಲಿ ಹೆಂಗಸರಿಗೆ ಸ್ಥಾನವಿರಬೇಕು ಎಂಬ ಷರತ್ತಿಗೆ ವಿರೋಧವಿತ್ತು. ಹಲವೆಡೆ ಗಂಡಸರು, ಹೆಂಗಸರು ಬೇರೆ ಬೇರೆ ಕೂತು ಸಭೆ ನಡೆಸಿದರು. ಹಾಗಿದ್ದರೂ ಕಾರ್ಯಕ್ರಮವಿದ್ದ ಊರುಗಳಲ್ಲಿ ಹೆಂಗಸರ ಓಡಾಟ ಹೆಚ್ಚಿತು, ಗಳಿಕೆಯ ಕೆಲಸಗಳಲ್ಲಿ ತೊಡಗುವುದು ಹೆಚ್ಚಿತು, ಊರಿನ ವ್ಯವಹಾರದಲ್ಲಿ ಅವರ ಪಾಲು ಬೆಳೆಯಿತು. ಮನೆಯೊಳಗಿನ ತೀರ್ಮಾನಗಳಲ್ಲಿ ಅವರ ಸ್ಥಾನ ಬದಲಾಗಲಿಲ್ಲ. ಸಮಾಜದಲ್ಲಿ ಹೆಣ್ಣಿನ ಸ್ಥಾನದ ಬಗ್ಗೆ ಒಟ್ಟಾರೆ ಇದ್ದ ಧೋರಣೆಯೂ ಬದಲಾಗಲಿಲ್ಲ. ನಾಲ್ಕು ವರ್ಷದಲ್ಲಿ ಇಷ್ಟಾದದ್ದು ಕಡಿಮೆಯಲ್ಲ.

ಗೋಧಿಯ ಪ್ರಯೋಗದಲ್ಲಿ ಇನ್ನೊಂದು ಸಂಗತಿಯಿತ್ತು. ಸಾಂಪ್ರದಾಯಿಕ ನಾಯಕರ ಜೊತೆಗೂಡಿ ಹೆಂಗಸರೂ ಹಂಚಿಕೆ ನಡೆಸಬೇಕು ಎಂದು ಕಡ್ಡಾಯ ಮಾಡಿದ ಊರುಗಳಲ್ಲಿ ಕಬಳಿಕೆ ಹೆಚ್ಚಾಗಿತ್ತು. ಇದನ್ನು ಹೆಂಗಸರ ಮೇಲಿನ ಆರೋಪವಾಗಿ ಓದುವುದು ತಪ್ಪು. ಅಧ್ಯಯನಕಾರರು ಕೊಡುವ ವಿವರಣೆ ಬೇರೆ, ಅದೇ ಸರಿಯಾದುದು ಎಂದು ನನಗೂ ಅನಿಸುತ್ತದೆ. ಇದ್ದ ಅಧಿಕಾರದ ಪಕ್ಕದಲ್ಲಿ ಇನ್ನೊಂದನ್ನು ಕೂರಿಸಿ, ಇಬ್ಬರ ನಡುವಿನ ಗೆರೆ ಎಳೆಯದೆ ಬಿಟ್ಟರೆ, ಪಾಲು ಕೇಳುವ ಕೈಗಳು ಹೆಚ್ಚುತ್ತವೆ, ಉತ್ತರ ಹೇಳಬೇಕಾದವನು ಮಾತ್ರ ಯಾರೂ ಇರುವುದಿಲ್ಲ. ಮಲಿಕನನ್ನು ಕೇಳಿದರೆ ಸಮಿತಿಯನ್ನು ತೋರಿಸುತ್ತಾನೆ, ಸಮಿತಿಯನ್ನು ಕೇಳಿದರೆ ಅದು ಮಲಿಕನನ್ನು ತೋರಿಸುತ್ತದೆ. ಗೋಧಿ ಸಿಗದ ವಿಧವೆ ಯಾರ ಬಾಗಿಲಿಗೆ ಹೋಗಬೇಕು?

ಮಿಲಿಟರಿಯ ಹಣದ ವಿಷಯವನ್ನು ಬೇಗ ಮುಗಿಸುತ್ತೇನೆ, ಅದರ ಬಗ್ಗೆ ಬೇಕಾದಷ್ಟು ಬರೆದಾಗಿದೆ. ಅಮೆರಿಕದ ಸೇನೆ ತನ್ನ ಕಮಾಂಡರರ ಕೈಗೆ ತುರ್ತು ನಿಧಿ ಕೊಟ್ಟು, ರಸ್ತೆ, ಬಾವಿ, ಶಾಲೆ ಕಟ್ಟಿಸಿ ಜನರ ಮನಸ್ಸು ಗೆಲ್ಲಲು ನೋಡಿತು. ಪಾಲ್ ಫಿಶ್‌ಸ್ಟೈನ್ ಮತ್ತು ಆಂಡ್ರ್ಯೂ ವೈಲ್ಡರ್ ಬಲ್ಖ್, ಫರಿಯಾಬ್, ಹೆಲ್ಮಂಡ್, ಪಕ್ತಿಯಾ, ಉರುಜ್‌ಗಾನ್ ಎಂಬ ಐದು ಪ್ರಾಂತ್ಯಗಳಲ್ಲಿ ಜನರನ್ನು ಮಾತಾಡಿಸಿ 2012ರಲ್ಲಿ ಪ್ರಕಟಿಸಿದ ವರದಿ, ಇಂಥ ನೆರವು ಶಾಂತಿ ತಂದದ್ದಕ್ಕೆ ಆಧಾರ ಬಹಳ ಕಡಿಮೆ, ಭ್ರಷ್ಟಾಚಾರ ಬೆಳೆಸಿ ಕಲಹಕ್ಕೆ ಎಣ್ಣೆ ಹೊಯ್ದ ಉದಾಹರಣೆಗಳೇ ಹೆಚ್ಚು ಎಂದಿತು. ಊರ ಸಮಿತಿಗಳ ಅಧ್ಯಯನದಲ್ಲೂ ನಂಗರ್‌ಹಾರಿನ ಹಿಸಾರಕ್ ಮತ್ತು ಶೇರ್‌ಜಾದ್ ಜಿಲ್ಲೆಗಳಲ್ಲಿ, ಹೊರಗಿನ ಹೋರಾಟಗಾರರ ಓಡಾಟವಿದ್ದ ಪೂರ್ವದ ಆ ಭಾಗದಲ್ಲಿ, ಭದ್ರತೆಯ ಮೇಲೆ ಒಳ್ಳೆಯ ಪರಿಣಾಮ ಕಾಣಲಿಲ್ಲ. ಉಳಿದ ಜಿಲ್ಲೆಗಳಲ್ಲಿ ಕಂಡಿತು. ಬಾವಿಯಿಂದ ನೀರು ಕೇಳಬಹುದು. ಬಂಡಾಯ ಅಡಗಿಸು ಎಂದು ಕೇಳುವುದು ಬಾವಿಗೂ ಅನ್ಯಾಯ, ಬಾವಿ ತೋಡಿಸಿದ ಕಾರ್ಯಕರ್ತನಿಗೂ ಅಪಾಯ.

ಈಗ ನನ್ನ ಮುಖ್ಯ ವಾದಕ್ಕೆ ಬರುತ್ತೇನೆ. ಗೋಧಿಯ ಚೀಲಗಳ ಸುತ್ತ ಆದದ್ದೇ ಇಡೀ ದೇಶದ ಮಟ್ಟದಲ್ಲೂ ಆಯಿತು. 2004ರ ಸಂವಿಧಾನದ 140ನೇ ವಿಧಿ, ಜಿಲ್ಲೆ ಮತ್ತು ಹಳ್ಳಿಗಳಿಗೆ ಜನರೇ ಆರಿಸಿದ ಪರಿಷತ್ತುಗಳಿರಬೇಕು ಎಂದಿತ್ತು. ಆ ಚುನಾವಣೆಗಳು ನಡೆಯಲೇ ಇಲ್ಲ. ಅಭಿವೃದ್ಧಿ ಸಮಿತಿಗಳೇ ಸಂವಿಧಾನ ಹೇಳಿದ ಗ್ರಾಮ ಪರಿಷತ್ತುಗಳೇ, ಅಥವಾ ಯೋಜನೆಯೊಂದರ ಬಳಕೆದಾರರ ಗುಂಪುಗಳೇ? ಈ ಪ್ರಶ್ನೆಗೆ ಸರ್ಕಾರ ಖಚಿತ ಉತ್ತರ ಕೊಡಲಿಲ್ಲ. ಈ ನಡುವೆ ಜಿಲ್ಲಾ ಹಂತದಲ್ಲಿ ಗ್ರಾಮೀಣ ಸಚಿವಾಲಯವೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ ಜಿಲ್ಲಾಭಿವೃದ್ಧಿ ಸಭೆಗಳನ್ನು ಕಟ್ಟಿತು. 2007ರಲ್ಲಿ ಹುಟ್ಟಿದ ಸ್ಥಳೀಯ ಆಡಳಿತದ ಸ್ವತಂತ್ರ ನಿರ್ದೇಶನಾಲಯ, ಅಮೆರಿಕದ ನೆರವಿನಿಂದ, ಜಿಲ್ಲೆಗಳಲ್ಲಿ ತನ್ನವೇ ಬೇರೆ ಶೂರಾಗಳನ್ನು ಕೂಡಿಸಿತು. ಇವುಗಳ ಜೊತೆಗೆ ಮಲಿಕರು, ಜಿಲ್ಲಾಧಿಕಾರಿ, ಪೊಲೀಸು, ಸೇನೆಯ ಕಮಾಂಡರರು ಇದ್ದೇ ಇದ್ದರು. ಪ್ರತಿ ದಾನಿಗೂ ತನ್ನದೊಂದು ಶೂರಾ ಬೇಕಾಗಿತ್ತು. ಒಳ್ಳೆಯ ಉದ್ದೇಶದಿಂದಲೇ ಹುಟ್ಟಿದ ಈ ಸಂಸ್ಥೆಗಳು ಒಂದರ ಮೇಲೊಂದು ಬಿದ್ದು, ಯಾವುದರ ಮಾತು ಎಲ್ಲಿ ಮುಗಿಯುತ್ತದೆ ಎಂದು ಹಳ್ಳಿಯವನಿಗೆ ತಿಳಿಯದಂತಾಯಿತು.

ಇದಕ್ಕೆ ಬರಬಹುದಾದ ಆಕ್ಷೇಪ ಒಂದಿದೆ. ಹಾಗಿದ್ದರೆ ಹೊಸ ಸಮಿತಿಗಳೇ ಬೇಡವಲ್ಲ, ಎಲ್ಲವನ್ನೂ ಮಲಿಕರ ಕೈಗೇ ಕೊಡಬಹುದಿತ್ತಲ್ಲ? ಸಿಯೆರಾ ಲಿಯೋನಿನ ಇಂಥದೇ ಕಾರ್ಯಕ್ರಮದ ಬಗ್ಗೆ ಕ್ಯಾಥರೀನ್ ಕೇಸಿ, ರೇಚಲ್ ಗ್ಲೆನರ್‌ಸ್ಟರ್ ಮತ್ತು ಎಡ್ವರ್ಡ್ ಮಿಗೆಲ್ ನಡೆಸಿದ ಅಧ್ಯಯನದಲ್ಲೂ ಕಟ್ಟಡಗಳು ಸುಧಾರಿಸಿದ್ದವು, ಊರಿನ ಅಧಿಕಾರದ ರೀತಿ ಬದಲಾಗಿರಲಿಲ್ಲ. ಕಾಂಗೋದಲ್ಲಿ ನಡೆದ ಅಂಥದೇ ಅಧ್ಯಯನದಲ್ಲೂ ಹೆಚ್ಚಿನದೇನೂ ಸಿಗಲಿಲ್ಲ. ಈ ಆಕ್ಷೇಪವನ್ನು ನಾನು ಒಪ್ಪುವುದಿಲ್ಲ. ಹೊಣೆ ಸ್ಪಷ್ಟವಾಗಿ ಸಿಕ್ಕ ಸಮಿತಿ ಗೋಧಿಯನ್ನು ಚೆನ್ನಾಗಿ ಹಂಚಿತು ಎಂಬುದೂ ಅಫ್ಘಾನಿಸ್ತಾನದ ಅಧ್ಯಯನದ್ದೇ ಮಾತು. ಮತಪೆಟ್ಟಿಗೆ ಹಿರಿಯರ ಹಿಡಿತ ಸಡಿಲಿಸಿತು ಎಂಬುದೂ ಅಲ್ಲೇ ಇದೆ. ಚುನಾಯಿತ ಸಮಿತಿ ವ್ಯರ್ಥವೆಂದು ಇದರಿಂದ ಸಿದ್ಧವಾಗುವುದಿಲ್ಲ. ಅದಕ್ಕೆ ಕೊಟ್ಟ ಕೆಲಸವನ್ನು ಅರ್ಧಕ್ಕೆ ಬಿಟ್ಟದ್ದು ತಪ್ಪು ಎಂದು ಮಾತ್ರ ಸಿದ್ಧವಾಗುತ್ತದೆ.

ಈ ಅರ್ಧವನ್ನು ತುಂಬುವ ಪ್ರಯತ್ನವೂ ನಡೆಯಿತು. 2016ರ ಸೆಪ್ಟೆಂಬರಿನಲ್ಲಿ, ಆಗ ಅಧ್ಯಕ್ಷರಾಗಿದ್ದ ಅಶ್ರಫ್ ಘನಿ ‘ನಾಗರಿಕ ಸನ್ನದು’ ಕಾರ್ಯಕ್ರಮವನ್ನು ಆರಂಭಿಸಿದರು. ಸಮಿತಿಗಳು ಬರೇ ಅನುದಾನ ಖರ್ಚು ಮಾಡದೆ, ಶಾಲೆ ನಡೆಯುತ್ತಿದೆಯೇ, ಆರೋಗ್ಯಕೇಂದ್ರ ತೆರೆದಿದೆಯೇ ಎಂದು ನೋಡಿ ವರದಿ ಕೊಡಬೇಕು, ನೆರೆಯ ಊರುಗಳ ಸಮಿತಿಗಳು ಕೂಡಿ ದೊಡ್ಡ ಕೆಲಸ ಹಿಡಿಯಬೇಕು ಎಂಬುದು ಅದರ ಆಶಯ. ನೀರಾವರಿಯಲ್ಲಿ ಕಂಡ ಕೊರತೆಗೆ ಇದು ಸರಿಯಾದ ಔಷಧ. ಆದರೆ ಕಾಲ ತೀರಿತ್ತು. 2021ರ ಆಗಸ್ಟ್ 15ರಂದು ಕಾಬೂಲ್ ತಾಲಿಬಾನ್ ವಶವಾಯಿತು. ಕೇಂದ್ರ ಬ್ಯಾಂಕಿನ ಹೊರದೇಶದ ಠೇವಣಿಗಳು ಸ್ತಂಭಿಸಿದವು. ವಿಶ್ವಬ್ಯಾಂಕು ಹಣ ಬಿಡುವುದನ್ನು ನಿಲ್ಲಿಸಿತು. ಮರುವರ್ಷ ನೆರವು ಭಾಗಶಃ ಮರಳಿದಾಗ ಸರ್ಕಾರದ ಕೈಗೆ ಕೊಡದೆ ವಿಶ್ವಸಂಸ್ಥೆಯ ಯೋಜನಾ ಸೇವಾ ಕಚೇರಿಯ ಮೂಲಕ ಖರ್ಚು ಮಾಡುವ ಏರ್ಪಾಡಾಯಿತು. ಹಳ್ಳಿಯೊಳಗೆ ಆ ಹಣ ಆಶ್ರಯಿಸಿದ್ದು ಮತ್ತೆ ಅವೇ ಸಮುದಾಯ ಸಮಿತಿಗಳನ್ನು. ಅವುಗಳನ್ನು ಕಟ್ಟಿದ ಗಣರಾಜ್ಯ ಬಿದ್ದ ಮೇಲೂ ಅವು ಕೆಲಸಕ್ಕೆ ಬಂದವು.

ಭಾರತಕ್ಕೂ ಈ ಪ್ರಶ್ನೆ ಸಂಬಂಧಿಸಿದ್ದು. ಚಿಶ್ತ್-ಎ-ಶರೀಫಿನಲ್ಲಿ ಹರಿರೂದ್ ನದಿಗೆ ಭಾರತ ಕಟ್ಟಿಕೊಟ್ಟ, 42 ಮೆಗಾವಾಟ್ ಸಾಮರ್ಥ್ಯದ ಸಲ್ಮಾ ಅಣೆಕಟ್ಟು 2016ರ ಜೂನಿನಲ್ಲಿ ಉದ್ಘಾಟನೆಯಾಯಿತು. 2015ರ ಡಿಸೆಂಬರಿನಲ್ಲಿ ಉದ್ಘಾಟನೆಗೊಂಡ ಅಫ್ಘಾನ್ ಸಂಸತ್ ಭವನವೂ ಭಾರತ ಕಟ್ಟಿಕೊಟ್ಟದ್ದೇ. ಇವು ನಮ್ಮ ಪತ್ರಿಕೆಗಳಲ್ಲಿ ಚಿತ್ರಸಹಿತ ಬಂದವು. 34 ಪ್ರಾಂತ್ಯಗಳಲ್ಲೂ ಹರಡಿದ್ದ, ಭಾರತದ ನೆರವಿನ 400ಕ್ಕೂ ಹೆಚ್ಚು ಸಣ್ಣ ಅಭಿವೃದ್ಧಿ ಕೆಲಸಗಳ ಬಗ್ಗೆ ನಾವು ಓದಿದ್ದು ಕಡಿಮೆ. 2022ರ ಫೆಬ್ರವರಿಯಿಂದ ಅಟ್ಟಾರಿ ಗಡಿಯ ಮೂಲಕ, ಪಾಕಿಸ್ತಾನದ ನೆಲ ಹಾದು, ಭಾರತ 50,000 ಟನ್ ಗೋಧಿಯ ವಾಗ್ದಾನದ ಲಾರಿಗಳನ್ನು ಕಳಿಸತೊಡಗಿತು. ಅದನ್ನು ವಿಶ್ವ ಆಹಾರ ಕಾರ್ಯಕ್ರಮಕ್ಕೆ ಒಪ್ಪಿಸಿದ್ದು ಒಳ್ಳೆಯದೇ. ಇಂಥ ಗೋಧಿ ಕೊನೆಯ ಹಂತದಲ್ಲಿ, ಊರಿನೊಳಗೆ, ಯಾರ ಹೊಣೆಯಲ್ಲಿ ಹಂಚಿಕೆಯಾಗುತ್ತದೆ ಎಂಬುದನ್ನು ದೇಣಿಗೆಯ ಪತ್ರದಲ್ಲಿಯೇ ಬರೆಸಿ, ಊರಿನವರಿಗೆ ಓದಿ ಹೇಳಿಸುವುದು ಇನ್ನೂ ಒಳ್ಳೆಯದು. ಇದಕ್ಕೆ ಹಣ ಬೇಡ.

ಆದರೆ 2022ರ ಡಿಸೆಂಬರ್ 24ರಂದು ತಾಲಿಬಾನ್ ಆಡಳಿತ ಸ್ವಯಂಸೇವಾ ಸಂಸ್ಥೆಗಳಲ್ಲಿ ಅಫ್ಘಾನ್ ಹೆಂಗಸರು ಕೆಲಸ ಮಾಡಬಾರದೆಂದು ಆದೇಶಿಸಿತು. 2023ರ ಏಪ್ರಿಲಿನಲ್ಲಿ ಅದನ್ನು ವಿಶ್ವಸಂಸ್ಥೆಯ ಕಚೇರಿಗಳಿಗೂ ವಿಸ್ತರಿಸಿತು. ಆರೋಗ್ಯ, ಶಿಕ್ಷಣದಂಥ ಕ್ಷೇತ್ರಗಳಲ್ಲಿ ಸಿಕ್ಕ ರಿಯಾಯಿತಿಗಳು ಸೀಮಿತವಾದವು, ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆಯಾದವು. ಪರಪುರುಷ ಮನೆಯೊಳಗೆ ಹೋಗಿ ಹೆಂಗಸರೊಡನೆ ಮಾತಾಡುವ ಪದ್ಧತಿ ಅಲ್ಲಿನ ಹಳ್ಳಿಗಳಲ್ಲಿಲ್ಲ. ಯಾವ ಮನೆಯಲ್ಲಿ ಗಂಡು ದಿಕ್ಕಿಲ್ಲ, ಯಾವ ಮಗುವಿಗೆ ಹಾಲಿಲ್ಲ ಎಂದು ಗೊತ್ತುಮಾಡಿಕೊಂಡು ಬರುತ್ತಿದ್ದವರು ಹೆಣ್ಣುಮಕ್ಕಳೇ. ಅವರಿಲ್ಲದೆ ತಯಾರಾಗುವ ಪಟ್ಟಿ ಊರಿನ ಗಂಡಸರು ಹೇಳಿ ಬರೆಸಿದ ಪಟ್ಟಿ. ಆ ಪಟ್ಟಿಯಂತೆ ಹಂಚಿದ ಗೋಧಿಯನ್ನು ಬಡವರಿಗೆ ಮುಟ್ಟಿಸಿದ ಗೋಧಿ ಎಂದು ಯಾವ ಸಂಸ್ಥೆಯೂ ತನ್ನ ವರದಿಯಲ್ಲಿ ಬರೆದುಕೊಳ್ಳಬಾರದು.